ಕಂಠೀರವದಲ್ಲಿ ಬಿಎಫ್‌ಸಿ ಪಂದ್ಯ: ಎಲ್ಲಿ ಕೂರಬೇಕು?

ಆಟಗಾರರನ್ನು ಹತ್ತಿರದಿಂದ ನೋಡುವ ಆಸೆಯಿದ್ದರೆ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫುಟ್‌ಬಾಲ್ ತಂಡ ಆಡುವ ಶ್ರೀ ಕಂಠೀರವ ಕ್ರೀಡಾಂಗಣ ನಿಮಗಲ್ಲ. ಮೈದಾನದ ಸುತ್ತ ಅಥ್ಲೆಟಿಕ್ಸ್ ಟ್ರ್ಯಾಕ್ ಇದೆ, ಲೇನಿಗೆ 1.22 ಮೀಟರ್ ಲೆಕ್ಕ ಹಾಕಿದರೆ ಎಂಟು ಲೇನಿಗೇ ಸುಮಾರು 10 ಮೀಟರ್ ಹೋಯಿತು. ಗೋಲಿನ ಹಿಂದೆ ಟ್ರ್ಯಾಕ್ ಬಾಗುವುದರಿಂದ ದೂರ ಇನ್ನೂ ಹೆಚ್ಚು. ಆಚೆ ತುದಿಯಲ್ಲಿ ಗೋಲಾದದ್ದು ಕೂಗಿನಿಂದಲೇ ಗೊತ್ತಾಗಬೇಕು.

ತಂತ್ರ ನೋಡುವವರಿಗೆ ಮಾತ್ರ ಮಧ್ಯರೇಖೆಯ ನೇರಕ್ಕಿರುವ ಮೇಲಿನ ಸಾಲು ಚಿನ್ನ. ಡಿಫೆಂಡರ್‌ಗಳ ಸಾಲು ಎಷ್ಟು ಮುಂದೆ ಬಂದಿದೆ, ಫುಲ್‌ಬ್ಯಾಕ್ (ಅಂಚಿನ ಡಿಫೆಂಡರ್) ಮುಂದಕ್ಕೆ ಏರಿದಾಗ ಅವನು ಬಿಟ್ಟ ಜಾಗವನ್ನು ಯಾರು ಮುಚ್ಚುತ್ತಾರೆ ಎಂಬುದೆಲ್ಲ ಟಿವಿಯಲ್ಲಿ ಸರಿಯಾಗಿ ಕಾಣದು, ಕ್ಯಾಮೆರಾ ಚೆಂಡಿನ ಬೆನ್ನು ಬಿದ್ದಿರುತ್ತದೆ. ಬಿಎಫ್‌ಸಿಯ ಸ್ಟ್ರೈಕರ್ ಸುನಿಲ್ ಛೆಟ್ರಿಯನ್ನೇ ಐದು ನಿಮಿಷ ಗಮನಿಸಿ: ಚೆಂಡಿಲ್ಲದಾಗ ಡಿಫೆಂಡರ್‌ನ ಕಣ್ಣು ತಪ್ಪಿಸಿ ಜಾರುವುದೇ ಅವರ ಅರ್ಧ ಆಟ. 2024ರ ಡಿಸೆಂಬರ್‌ನಲ್ಲಿ ಇಲ್ಲೇ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಹೊಡೆದಾಗ ವಯಸ್ಸು 40! "ಹೊಸ ಸ್ಟ್ರೈಕರ್ ತನ್ನಿ" ಅನ್ನುವವರು ವೇಗದ ಜೊತೆ ಈ ಗುಣವನ್ನೂ ಹುಡುಕಲಿ.

ಹಾಡು, ಡ್ರಮ್ಮು, ಗದ್ದಲ ಬೇಕೆಂದರೆ ಬಿಎಫ್‌ಸಿ ಅಭಿಮಾನಿಗಳ ಗುಂಪಾದ ವೆಸ್ಟ್ ಬ್ಲಾಕ್ ಬ್ಲೂಸ್ ಇರುವ ಕಡೆ ಹೋಗಿ. ಅಲ್ಲಿ ಕೂತು ವಿಶ್ಲೇಷಣೆ ಮಾಡುವ ಆಸೆ ಬಿಡಿ. ಕಾರು ಬೇಡ, ಕಬ್ಬನ್ ಪಾರ್ಕ್ ಮೆಟ್ರೊದಲ್ಲಿಳಿದು ನಡೆಯಿರಿ.