ರೀಕಾಲ್ ಆದ ಫೋನ್ ‘ರಿಫರ್ಬಿಶ್ಡ್’ ಆಗಿ ಬಂದರೆ ಮೊದಲು ಬ್ಯಾಟರಿಯ ಬಿಲ್ ಕೇಳಿ

ಕಾರವಾರದವರು ಮಡಗಾಂವಿನಿಂದ, ಶಿರಸಿಯವರು ಹುಬ್ಬಳ್ಳಿಯಿಂದ, ಉಳಿದವರು ಆನ್‌ಲೈನಿನಲ್ಲಿ ರಿಫರ್ಬಿಶ್ಡ್ ಫೋನ್, ಅಂದರೆ ಹಳೆಯದನ್ನು ಸರಿಪಡಿಸಿ ಮತ್ತೆ ಮಾರುವ ಫೋನ್, ತರಿಸುವುದು ಈಗ ಮಾಮೂಲು. ಅದೇನೂ ತಪ್ಪಲ್ಲ. ಆದರೆ ಬ್ಯಾಟರಿ ದೋಷಕ್ಕೆ ಕಂಪನಿಯೇ ವಾಪಸ್ ಕರೆದ (ರೀಕಾಲ್ ಆದ) ಮಾದರಿ ಅರ್ಧ ಬೆಲೆಗೆ ಸಿಕ್ಕಿತೆಂದು ಕೊಂಡರೆ ಏನಾಗುತ್ತದೆ ನೋಡಿ.

ಕುಮಟಾದ ಒಂದು ಮನೆಗೆ ಇಂಥ ಫೋನೊಂದು ಮೇ ತಿಂಗಳಲ್ಲಿ ಬಂತು. ಬೆಲೆ 11,500 ರೂಪಾಯಿ, ಆರು ತಿಂಗಳ ವಾರಂಟಿ, ಮೇಲೊಂದು ‘ಬ್ಯಾಟರಿ ಹೆಲ್ತ್ 100%’ ಚೀಟಿ. ಜುಲೈ ಹೊತ್ತಿಗೆ ಚಾರ್ಜು 40ರಿಂದ ಒಮ್ಮೆಲೇ 12ಕ್ಕೆ ಬೀಳತೊಡಗಿತು. ಆಗಸ್ಟಿನಲ್ಲಿ ಹಿಂದಿನ ಮುಚ್ಚಳ ಅಂಚಿನಲ್ಲಿ ಬಾಯಿ ಬಿಟ್ಟಿತು. ಬಿಚ್ಚಿ ನೋಡಿದರೆ ಒಳಗಿದ್ದದ್ದು ಡುಪ್ಲಿಕೇಟ್ ಸೆಲ್. ಅದಕ್ಕೆ ಹಳೆಯ ಒರಿಜಿನಲ್ ಬ್ಯಾಟರಿಯ ಸರ್ಕ್ಯೂಟ್ ಪಟ್ಟಿ ಕಿತ್ತು ಸ್ಪಾಟ್ ವೆಲ್ಡ್ ಮಾಡಿದ್ದರು. ಮುಚ್ಚಳದ ಗಮ್ ಅರ್ಧ ಸುತ್ತು ಮಾತ್ರ ಇತ್ತು. ಸಿಮ್ ಟ್ರೇ ಗೂಡಿನೊಳಗಿನ ಬಿಳಿ ಚುಕ್ಕೆ, ಅಂದರೆ ನೀರು ತಾಗಿತೇ ಎಂದು ತೋರಿಸುವ ಗುರುತು, ಕೆಂಪಾಗಿತ್ತು. ಹೊರಗೆ ಬಿಚ್ಚಿದ, ನೀರು ಹೊಕ್ಕ ಫೋನಿಗೆ ರೀಕಾಲಿನ ಉಚಿತ ಬ್ಯಾಟರಿ ಸಿಗಲಿಲ್ಲ. ಮಾರಿದವರು ವಾರಂಟಿ ಕಾರ್ಡಿನ ಹಿಂಬದಿ ತೋರಿಸಿದರು: ‘ಬ್ಯಾಟರಿಗೆ ಅನ್ವಯಿಸದು’.

ಆ 100% ಎಲ್ಲಿಂದ ಬಂತು? ಸೆಲ್ಲಿನ ತಲೆಗೆ ಅಂಟಿದ ಸಣ್ಣ ಸರ್ಕ್ಯೂಟ್ ಪಟ್ಟಿಯಲ್ಲಿ ಒಂದು ಚಿಪ್ ಇರುತ್ತದೆ. ಎಷ್ಟು ಸಲ ಚಾರ್ಜ್ ಆಯಿತು, ಎಷ್ಟು ಸಾಮರ್ಥ್ಯ ಉಳಿದಿದೆ ಎಂಬ ಲೆಕ್ಕ ಅದರಲ್ಲಿದೆ. ಪ್ರೋಗ್ರಾಮರ್ ಯಂತ್ರಕ್ಕೆ ಸಿಕ್ಕಿಸಿದರೆ ಆ ಲೆಕ್ಕವನ್ನು ಅಳಿಸಿ ಬರೆಯಬಹುದು. ಚಿಪ್ ಹೇಳಿದ್ದನ್ನೇ ಫೋನ್ ತೋರಿಸುತ್ತದೆ, ಅಷ್ಟೇ. ಹಳೆಯ ಪಟ್ಟಿಯನ್ನೇ ಇಟ್ಟುಕೊಂಡರೆ ಐಫೋನ್‌ನಂಥದ್ದರಲ್ಲಿ ‘ಅನ್‌ನೋನ್ ಪಾರ್ಟ್’ ಎಂಬ ಸೂಚನೆಯೂ ಬರದಂತೆ ಮಾಡಬಹುದು. ಅಪಾಯ ಇರುವುದು ಇಲ್ಲಿ: ಈಗಿನ ಫೋನುಗಳು ಸೆಲ್ಲನ್ನು ಸುಮಾರು 4.4 ವೋಲ್ಟಿನವರೆಗೆ ತುಂಬಿಸುತ್ತವೆ. ಆ ಜಾಗದಲ್ಲಿ 4.2 ವೋಲ್ಟಿನ ಅಗ್ಗದ ಸೆಲ್ ಕೂತರೆ ಪ್ರತಿ ಚಾರ್ಜಿನಲ್ಲೂ ಮಿತಿ ಮೀರುತ್ತದೆ, ಒಳಗಿನ ದ್ರಾವಣ ಒಡೆದು ಅನಿಲವಾಗುತ್ತದೆ, ಸೆಲ್ ಹಲಸಿನ ಹಪ್ಪಳ ಕರಿದಂತೆ ಉಬ್ಬುತ್ತದೆ. ಅಂಗಡಿಯಲ್ಲಿ *#*#4636#*#* ಒತ್ತಿ ಬ್ಯಾಟರಿ ‘ಗುಡ್’ ಎಂದು ತೋರಿಸಿದರೆ ನಂಬಬೇಡಿ. ಆ ಕ್ಷಣಕ್ಕೆ ದೋಷದ ಸೂಚನೆ ಇಲ್ಲ ಎಂದಷ್ಟೇ ಅದರ ಅರ್ಥ, ಬ್ಯಾಟರಿಯ ವಯಸ್ಸು ಅದರಲ್ಲಿ ಗೊತ್ತಾಗುವುದಿಲ್ಲ.

2007ರಲ್ಲಿ ನೋಕಿಯಾ ತನ್ನ ಬಿಎಲ್-5ಸಿ ಬ್ಯಾಟರಿಗಳಲ್ಲಿ 4.6 ಕೋಟಿಯ ಬಗ್ಗೆ ಎಚ್ಚರಿಕೆ ಕೊಟ್ಟಾಗ ಜನ ಹಿಂದಿನ ಮುಚ್ಚಳ ಸರಿಸಿ ಬ್ಯಾಟರಿಯ ಮೇಲಿನ ನಂಬರ್ ಓದಿಕೊಂಡರು. ಈಗ ಬ್ಯಾಟರಿ ಗಮ್ಮಿನ ಕೆಳಗೆ. ಕೊಳ್ಳುವವನಿಗೆ ಕಾಣುವುದು ಕಾಗದ ಮಾತ್ರ, ಹಾಗಾಗಿ ಕಾಗದದಲ್ಲೇ ಬಿಗಿ ಹಿಡಿಯಬೇಕು.

‘ಬ್ಯಾಟರಿ ಹೊಸದು ಹಾಕಿದ್ದೇವೆ ಸಾರ್’ ಎಂಬ ಮಾತೂ ಸಾಲದು. 2016ರಲ್ಲಿ ಸ್ಯಾಮ್‌ಸಂಗ್ ಸುಮಾರು 25 ಲಕ್ಷ ಗ್ಯಾಲಕ್ಸಿ ನೋಟ್ 7 ವಾಪಸ್ ಕರೆದು ಬೇರೆ ತಯಾರಕರ ಬ್ಯಾಟರಿ ಇರುವ ಫೋನ್ ಕೊಟ್ಟಿತು. ಅವಕ್ಕೂ ಬೆಂಕಿ ಹತ್ತಿತು. ಮೊದಲಿನದರಲ್ಲಿ ಮೇಲಿನ ಮೂಲೆಯಲ್ಲಿ ಋಣ ವಿದ್ಯುದ್ವಾರ ಬಾಗಿತ್ತು, ಎರಡನೆಯದರಲ್ಲಿ ವೆಲ್ಡಿಂಗಿನ ಮುಳ್ಳು ಒಳಪದರ ಚುಚ್ಚಿತ್ತು. ಕೊನೆಗೆ 2017ರಲ್ಲಿ ಕಂಪನಿಯೇ ಅದನ್ನು ಸರಿಪಡಿಸಿ ಕೊರಿಯಾದಲ್ಲಿ ‘ಫ್ಯಾನ್ ಎಡಿಷನ್’ ಎಂದು ಮಾರಿತು. ಬ್ಯಾಟರಿಯನ್ನು 3500ರಿಂದ 3200 ಎಂಎಎಚ್‌ಗೆ ಇಳಿಸಿತ್ತು. ನಿಜವಾದ ರಿಫರ್ಬಿಶ್ ಅದು. ಪಾಲಿಶ್ ಹೊಡೆದು ಡಬ್ಬಿಗೆ ಹಾಕುವುದಲ್ಲ.

ಈಗ ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಎಚ್ಚರ ಬೇಕಾದ ಮಾದರಿ ಪಿಕ್ಸೆಲ್ 6ಎ. 2025ರ ಜುಲೈನಲ್ಲಿ ಗೂಗಲ್ ಇದಕ್ಕೆ ಕಡ್ಡಾಯ ಆಂಡ್ರಾಯ್ಡ್ 16 ಅಪ್‌ಡೇಟ್ ಬಿಟ್ಟಿತು. ದೋಷದ ಸಾಧ್ಯತೆ ಇದೆಯೆಂದು ಕಂಪನಿ ಗುರುತಿಸಿದ ಫೋನುಗಳಲ್ಲಿ ಬ್ಯಾಟರಿ 400 ಸಲ ಪೂರ್ತಿ ಚಾರ್ಜಿನ ಲೆಕ್ಕ ದಾಟಿದರೆ ಅದು ಬಿಸಿ ತಡೆಯಲು ಸಾಮರ್ಥ್ಯವನ್ನೂ ಚಾರ್ಜಿಂಗ್ ವೇಗವನ್ನೂ ತಗ್ಗಿಸುತ್ತದೆ. ಅಪ್‌ಡೇಟ್ ಹಾಕದೆ ಇಟ್ಟ ಇಂಥ ಫೋನ್ ಅಂಗಡಿಯಲ್ಲಿ ಚೆನ್ನಾಗಿಯೇ ಓಡುತ್ತದೆ, ಮನೆಗೆ ತಂದ ಮೇಲೆ ಸೊರಗುತ್ತದೆ. ಆದ್ದರಿಂದ ಅಂಗಡಿಯಲ್ಲೇ ಅಪ್‌ಡೇಟ್ ಹಾಕಿಸಿ ನೋಡಿ.

ಕೌಂಟರಿನಲ್ಲಿ ಇಪ್ಪತ್ತು ನಿಮಿಷ ಕೇಳಿ. ಕವರ್ ತೆಗೆದು ಫೋನನ್ನು ಗಾಜಿನ ಮೇಲೆ ಮಲಗಿಸಿ ಮೂಲೆಗೆ ಬೆರಳು ತಾಗಿಸಿ. ಬುಗುರಿಯಂತೆ ತಿರುಗಿದರೆ ಬೆನ್ನು ಉಬ್ಬಿದೆ. (ಕ್ಯಾಮೆರಾ ದಿಬ್ಬ ಇದ್ದರೆ ಅದನ್ನು ಗಾಜಿನ ಅಂಚಿನಾಚೆ ಬಿಡಿ.) ಅಂಚಿನುದ್ದಕ್ಕೂ ಟಾರ್ಚ್ ಹಿಡಿದು ಸೀಳು ಹುಡುಕಿ. 30% ಚಾರ್ಜಿನಲ್ಲಿ ಚಾರ್ಜರ್ ಹಚ್ಚಿ, ಜೊತೆಗೇ ವೀಡಿಯೋ ರೆಕಾರ್ಡಿಂಗ್ ಬಿಡಿ. ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದರೆ ಬೇಡ. *#06# ಒತ್ತಿ ಬರುವ ಐಎಂಇಐ (ಫೋನಿನ ಗುರುತಿನ ಸಂಖ್ಯೆ), ಡಬ್ಬಿಯ ನಂಬರ್, ಬಿಲ್ಲಿನ ನಂಬರ್ ಮೂರೂ ಒಂದೇ ಇರಬೇಕು. ‘ಕೆವೈಎಂ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು ಐಎಂಇಐ ಹಾಕಿ 14422ಕ್ಕೆ ಮೆಸೇಜ್ ಕಳಿಸಿದರೆ ಕದ್ದು ಬ್ಲಾಕ್ ಆದ ಫೋನೇ ಎಂದು ತಿಳಿಯುತ್ತದೆ. ರೀಕಾಲ್ ವಿಷಯ ಅಲ್ಲಿ ಸಿಗದು, ಅದಕ್ಕೆ ಕಂಪನಿಯ ತಾಣದಲ್ಲೇ ನೋಡಬೇಕು. ಎಲ್ಲಕ್ಕಿಂತ ಮೇಲು ಕಂಪನಿಯ ಸರ್ವಿಸ್ ಸೆಂಟರಿನ ಜಾಬ್ ಶೀಟ್, ಅಂದರೆ ಮಾಡಿದ ರಿಪೇರಿಯ ಚೀಟಿ: ಐಎಂಇಐ, ಬ್ಯಾಟರಿ ಬದಲಿಸಿದ ತಾರೀಖು ಎರಡೂ ಇರುವಂಥದ್ದು. ರೀಕಾಲ್ ಆದ ಮಾದರಿಗೆ ಅದು ಇಲ್ಲದಿದ್ದರೆ ಐದು ಸಾವಿರಕ್ಕೂ ಬೇಡ.

ನಮ್ಮ ಕರಾವಳಿಗೆ ಇನ್ನೊಂದು ಪೀಡೆ. ಒಮ್ಮೆ ಬಿಚ್ಚಿದ ಫೋನಿಗೆ ಹೊಸ ಗಮ್ ಸುತ್ತು ಕೂರಿಸದಿದ್ದರೆ ‘ವಾಟರ್ ರೆಸಿಸ್ಟೆಂಟ್’ ಎಂಬ ಮಾತು ಡಬ್ಬಿಯಲ್ಲಷ್ಟೇ ಉಳಿಯುತ್ತದೆ. ಮಳೆಗಾಲದ ಥಂಡಿ, ಉಪ್ಪು ಗಾಳಿ ಸೇರಿ ಚಾರ್ಜಿಂಗ್ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ. ಕೊಳ್ಳುವಾಗಲೇ ಸಿಮ್ ಟ್ರೇ ಎಳೆದು ಆ ಚುಕ್ಕೆ ಬಿಳಿಯಿದೆಯೇ ನೋಡಿ, ಫೋಟೋ ತೆಗೆದಿಡಿ. ನಂತರ ಕೆಂಪಾದರೆ ‘ನೀವೇ ನೀರಿಗೆ ಹಾಕಿದ್ದು’ ಎನ್ನುತ್ತಾರೆ.

ಈಗಾಗಲೇ ಉಬ್ಬಿದ್ದರೆ ಚಾರ್ಜ್ ಮಾಡಬೇಡಿ, ಒತ್ತಿ ಕೂರಿಸಬೇಡಿ, ಪಿನ್ ಚುಚ್ಚಿ ಗಾಳಿ ಬಿಡುವ ಸಾಹಸವಂತೂ ಬೇಡವೇ ಬೇಡ. ಸ್ವಿಚ್ ಆಫ್ ಮಾಡಿ, ಒಣ ಮರಳು ಹಾಕಿದ ಸ್ಟೀಲ್ ಅಥವಾ ಮಣ್ಣಿನ ಪಾತ್ರೆಯಲ್ಲಿಟ್ಟು ಮನೆಯ ಹೊರಗೆ, ಮಳೆ ತಾಗದ ಕಡೆ ಇಡಿ. ಕಡಲತೀರದ ಹಸಿ ಮರಳು ತರಬೇಡಿ, ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ. ಹಾಳಾದ ಅಥವಾ ರೀಕಾಲ್ ಆದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಸಾಗಿಸುವಂತಿಲ್ಲ. ಸುಮ್ಮನೆ ಪೊಟ್ಟಣ ಕಟ್ಟಿ ಕೊರಿಯರಿಗೆ ಕೊಡದೆ ಕಂಪನಿಗೆ ಕರೆ ಮಾಡಿ ಹೇಗೆ ಕಳಿಸಬೇಕೆಂದು ಕೇಳಿ.

ಮಾರಿದವರು ಕೈ ಎತ್ತಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಮುಂದಿನ ಹಂತ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ. ಎರಡು ವರ್ಷದೊಳಗೆ ಹೋಗಬೇಕು, 5 ಲಕ್ಷದೊಳಗಿನ ವಸ್ತುವಿಗೆ ಶುಲ್ಕವಿಲ್ಲ, ದೂರನ್ನು ಆನ್‌ಲೈನಿನಲ್ಲೇ ಹಾಕಬಹುದಾದ್ದರಿಂದ ಶಿರಸಿಯವರು ಅದಕ್ಕಾಗಿ ಘಟ್ಟ ಇಳಿಯಬೇಕಿಲ್ಲ. ಬೇಕಾಗುವುದು ಐಎಂಇಐ ಬರೆದ ಬಿಲ್, ಡಬ್ಬಿ ತೆರೆದ ವೀಡಿಯೋ, ಮತ್ತೆ ವಾರಂಟಿ ಕಾರ್ಡಿನ ಎರಡೂ ಬದಿಯ ಫೋಟೋ.