ಗಿವ್‌ವೆಲ್: ನಾಲ್ಕೇ ಹೆಸರು, ಉದ್ದುದ್ದ ಲೆಕ್ಕ

ದಾನ ಕೊಡಲು ಸಂಸ್ಥೆ ಹುಡುಕುತ್ತಾ ಗಿವ್‌ವೆಲ್‌ಗೆ ಹೋದವರಿಗೆ ಮೊದಲು ಕಣ್ಣಿಗೆ ಬೀಳುವುದು ಪಟ್ಟಿಯ ಬಡತನ. ಹೋಲ್ಡನ್ ಕಾರ್ನಾಫ್‌ಸ್ಕಿ ಮತ್ತು ಎಲಿ ಹ್ಯಾಸೆನ್‌ಫೆಲ್ಡ್ 2007ರಲ್ಲಿ ಕಟ್ಟಿದ, ದತ್ತಿ ಸಂಸ್ಥೆಗಳನ್ನು ಅಳೆದು ದಾನಿಗಳಿಗೆ ಶಿಫಾರಸು ಮಾಡುವ ಈ ಅಮೆರಿಕದ ಸಂಸ್ಥೆ 'ಟಾಪ್' ಎನ್ನುವುದು ನಾಲ್ಕನ್ನೇ. ಸೊಳ್ಳೆಪರದೆಗೆ ಹಣ ಕೊಡುವ ಅಗೇನ್ಸ್ಟ್ ಮಲೇರಿಯಾ ಫೌಂಡೇಶನ್, ಮಳೆಗಾಲದಲ್ಲಿ ಪುಟ್ಟ ಮಕ್ಕಳಿಗೆ ತಿಂಗಳಿಗೊಮ್ಮೆ ಮಲೇರಿಯಾ ತಡೆ ಮಾತ್ರೆ ಮುಟ್ಟಿಸುವ ಮಲೇರಿಯಾ ಕನ್ಸಾರ್ಟಿಯಂ, ವಿಟಮಿನ್ ಎ ಕೊಡುವ ಹೆಲೆನ್ ಕೆಲರ್ ಇಂಟರ್‌ನ್ಯಾಷನಲ್, ಉತ್ತರ ನೈಜೀರಿಯಾದಲ್ಲಿ ಮಗುವಿಗೆ ಲಸಿಕೆ ಹಾಕಿಸಿದ ಮನೆಯವರ ಕೈಗೆ ನಗದು ಕೊಡುವ ನ್ಯೂ ಇನ್ಸೆಂಟಿವ್ಸ್. ಫೋಟೊ ನೋಡಿ ಮರುಗಿ ಕೊಡುವ ಅಭ್ಯಾಸದವರಿಗೆ ಈ ತಾಣ ಸಪ್ಪೆ ಅನ್ನಿಸಬಹುದು.

ರುಚಿ ಇರುವುದು ಲೆಕ್ಕದಲ್ಲಿ. ಆಡಳಿತ ವೆಚ್ಚ ಶೇಕಡಾ ಎಷ್ಟು ಎಂಬ ಮಾಮೂಲಿ ಪ್ರಶ್ನೆಗೆ ಇಲ್ಲಿ ಹೆಚ್ಚು ಬೆಲೆ ಇಲ್ಲ; ಕೊಟ್ಟ ಹಣಕ್ಕೆ ಎಷ್ಟು ಫಲ ಎಂಬುದೇ ಮುಖ್ಯ. ಸೊಳ್ಳೆಪರದೆಯನ್ನೇ ನೋಡಿ. ಹಳೆಯ ಪ್ರಯೋಗಗಳ ಪ್ರಕಾರ ಕೀಟನಾಶಕ ಲೇಪಿಸಿದ ಪರದೆ ಮಕ್ಕಳ ಸಾವನ್ನು ಸುಮಾರು 17% ತಗ್ಗಿಸುತ್ತದೆ. ಆದರೆ ಆಮೇಲೆ ಸೊಳ್ಳೆಗಳು ಆ ಔಷಧಿಗೆ ಒಗ್ಗಿಕೊಂಡಿವೆ, ಪರದೆ ಹರಿಯುತ್ತದೆ, ಕೆಲವರು ಬಳಸುವುದೇ ಇಲ್ಲ. ಇದಕ್ಕೆಲ್ಲ ಒಂದೊಂದಾಗಿ ಕಡಿತ ಹಾಕುತ್ತಾರೆ. ನೀವು ಕೊಡದಿದ್ದರೆ ಬೇರೆ ದಾನಿ ಅದೇ ಪರದೆ ಕೊಡುತ್ತಿದ್ದರೇ ಎಂಬುದಕ್ಕೂ ಕಡಿತವಿದೆ. ಈ ಕೊನೆಯದನ್ನು ಲೆಕ್ಕಕ್ಕೆ ಹಿಡಿಯುವವರು ಅಪರೂಪ. ಸ್ಪ್ರೆಡ್‌ಶೀಟ್ ಯಾರು ಬೇಕಾದರೂ ತೆರೆದು ನೋಡಬಹುದು, ತಾಳ್ಮೆ ಇರಬೇಕು ಅಷ್ಟೇ.

ಓದುವವರು ಎಡವುವುದು ಇಲ್ಲೇ. ಒಂದು ಪರದೆಗೆ ಸಾಗಣೆ, ಹಂಚಿಕೆ ಸೇರಿ ಐದಾರು ಡಾಲರ್. ಒಂದು ಜೀವ ಉಳಿಸಲು ಅವರು ಹೇಳಿಕೊಂಡು ಬಂದಿರುವುದು ಸುಮಾರು 3,000ದಿಂದ 5,500 ಡಾಲರ್. ಪರದೆಯಡಿ ಮಲಗುವ ಬಹುಪಾಲು ಮಕ್ಕಳು ಪರದೆ ಇಲ್ಲದಿದ್ದರೂ ಬದುಕುತ್ತಿದ್ದರು, ಅದಕ್ಕೇ ಇಷ್ಟು ಅಂತರ. ಈ ಮೊತ್ತ ಅಂದಾಜು, ರಸೀದಿಯಂತೆ ಓದಬೇಡಿ. ಲೆಕ್ಕ ತಿದ್ದಿಕೊಳ್ಳುವುದರಲ್ಲಿ ಅವರಿಗೆ ಸಂಕೋಚವಿಲ್ಲ. ಬಾಂಗ್ಲಾದೇಶದಲ್ಲಿ ಬರಗಾಲದ ತಿಂಗಳಲ್ಲಿ ಕೂಲಿಗೆ ವಲಸೆ ಹೋಗಲು ನೆರವಾಗುತ್ತಿದ್ದ ನೋ ಲೀನ್ ಸೀಸನ್ 2017ರಲ್ಲಿ ಪಟ್ಟಿ ಸೇರಿತು; ದೊಡ್ಡ ಪ್ರಮಾಣದ ಪ್ರಯೋಗದಲ್ಲಿ ಫಲ ಕಾಣದೆ 2018ರಲ್ಲಿ ಹೊರಬಿತ್ತು. ಬಡವರಿಗೆ ನೇರ ನಗದು ಕೊಡುವ ಗಿವ್‌ಡೈರೆಕ್ಟ್ಲಿ 2022ರಲ್ಲಿ ಪಟ್ಟಿಯಿಂದ ಹೋಯಿತು. 2024ರಲ್ಲಿ ಅದೇ ನಗದು ನೆರವಿನ ಫಲ ತಾವು ಹಿಂದೆ ಎಣಿಸಿದ್ದಕ್ಕಿಂತ ಮೂರ್ನಾಲ್ಕು ಪಟ್ಟು ಹೆಚ್ಚು ಎಂದು ತಾವೇ ಬರೆದರು.

ಕೊಡುವ ಕ್ರಮ ಸರಳ. ಟಾಪ್ ಚಾರಿಟೀಸ್ ಫಂಡ್ ಆರಿಸಿದರೆ ಹಣ ಈ ನಾಲ್ಕರಲ್ಲಿ ಆಗ ಹೆಚ್ಚು ಅಗತ್ಯವಿರುವಲ್ಲಿಗೆ ಹೋಗುತ್ತದೆ. ಆಲ್ ಗ್ರಾಂಟ್ಸ್ ಫಂಡ್‌ನಲ್ಲಿ ಫಲ ಇನ್ನೂ ಖಚಿತವಾಗದ ಯೋಜನೆಗಳೂ ಸೇರುತ್ತವೆ. ಮೊದಲ ಸಲಕ್ಕೆ ಮೊದಲನೆಯದೇ ಸಾಕು. ಗಿವ್‌ವೆಲ್ ತನ್ನ ಪಾಲು ಹಿಡಿಯುವುದಿಲ್ಲ. ಕಾರ್ಡಿನ ಶುಲ್ಕ ಬೇರೆ. ದೊಡ್ಡ ಮೊತ್ತವಾದರೆ ಅಮೆರಿಕದಲ್ಲಿರುವವರು ಬ್ಯಾಂಕ್ ವರ್ಗಾವಣೆ ಮಾಡಲಿ, ಕಂಪನಿ ಮ್ಯಾಚಿಂಗ್ (ನೌಕರರ ದಾನಕ್ಕೆ ಕಂಪನಿಯೂ ತನ್ನ ಪಾಲು ಸೇರಿಸುವುದು) ಇದೆಯೇ ಎಂದು ಎಚ್‌ಆರ್ ವಿಭಾಗದಲ್ಲಿ ಕೇಳಲಿ. ಅಲ್ಲಿ ಇದು ತೆರಿಗೆ ವಿನಾಯಿತಿ ಇರುವ ಸಂಸ್ಥೆ.

ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಕೊಟ್ಟರೆ 80ಜಿ, ಅಂದರೆ ದಾನಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ ಕಡಿತ, ಸಿಗುವುದಿಲ್ಲ. ಇದರ ನಷ್ಟ ಎಷ್ಟು? ಹಳೆ ತೆರಿಗೆ ಪದ್ಧತಿಯಲ್ಲಿ 30% ಹಂತದಲ್ಲಿರುವವರು 50% ಕಡಿತವಿರುವ ಟ್ರಸ್ಟಿಗೆ ₹10,000 ಕೊಟ್ಟರೆ ಉಳಿಯುವ ತೆರಿಗೆ ಸುಮಾರು ₹1,500. ಹೊಸ ಪದ್ಧತಿಯವರಿಗೆ ಅದೂ ಇಲ್ಲ, ಹಾಗಾಗಿ ಅವರು ಕಳೆದುಕೊಳ್ಳುವುದೇನೂ ಇಲ್ಲ. ಕಾರ್ಡಿನ ವಿದೇಶಿ ವಿನಿಮಯದ ಮಾರ್ಕಪ್ ಮಾತ್ರ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಸಣ್ಣ ಮೊತ್ತವನ್ನು ಬ್ಯಾಂಕಿನ ಮೂಲಕ ವಿದೇಶಕ್ಕೆ ರವಾನಿಸಬೇಡಿ. ವಿದೇಶಕ್ಕೆ ಹಣ ಕಳಿಸಲು ಬ್ಯಾಂಕಿಗೆ ಕೊಡಬೇಕಾದ ಎ2 ಫಾರಂ ತುಂಬುವ ರಗಳೆ ಒಂದು, ದಾನದ ಒಂದು ಪಾಲನ್ನು ಕಮಿಷನ್ನೇ ನುಂಗುವುದು ಇನ್ನೊಂದು.

ಊರಿನ ಶಾಲೆಗೋ ವೃದ್ಧಾಶ್ರಮಕ್ಕೋ ಕೊಡಬೇಕೆನ್ನುವವರಿಗೆ ಗಿವ್‌ವೆಲ್‌ನಿಂದ ಉಪಯೋಗವಿಲ್ಲ. ಅಲ್ಲಿ ಕೊಡುವಾಗ ಪ್ಯಾನ್ ಕೊಡಿ, ₹2,000ಕ್ಕಿಂತ ಹೆಚ್ಚನ್ನು ನಗದಾಗಿ ಕೊಡಬೇಡಿ, ಆ ಆರ್ಥಿಕ ವರ್ಷ ಮುಗಿದ ಮೇಲೆ ಬರುವ ಮೇ 31ರೊಳಗೆ 10ಬಿಇ (ತೆರಿಗೆ ಕಡಿತಕ್ಕೆ ಬೇಕಾದ ದಾನದ ಪ್ರಮಾಣಪತ್ರ) ಕೇಳಿ ಪಡೆಯಿರಿ. ಅದನ್ನು ಕೊಡಲು ಮೀನಮೇಷ ಎಣಿಸುವ ಟ್ರಸ್ಟ್ ಆದರೆ ಮುಂದಿನ ಚೆಕ್ ಬರೆಯುವ ಮೊದಲು ಅವರ ಲೆಕ್ಕಪತ್ರ ಕೇಳಿ ನೋಡಿ.