ಕ್ರೂಗರ್‌ನಲ್ಲಿ ನಾವೇ ಕಾರ್ ಓಡಿಸ್ಕೊಂಡು ಐದು ದಿನ: ಸಿಂಹಕ್ಕಿಂತ ಬೆಳಗಿನ ನಡಿಗೆನೇ ಮೇಲು

ಜುಲೈನಲ್ಲಿ ನಾನು, ನನ್ನ ಹೆಂಡ್ತಿ, ಹದಿಮೂರು ವರ್ಷದ ಮಗ ದಕ್ಷಿಣ ಆಫ್ರಿಕಾದ ಕ್ರೂಗರ್ ನ್ಯಾಷನಲ್ ಪಾರ್ಕ್‌ಗೆ ಹೋಗಿಬಂದ್ವಿ, ಟೂರ್ ಪ್ಯಾಕೇಜ್ ಏನೂ ತಗೊಳ್ಳದೆ ಜೋಹಾನ್ಸ್‌ಬರ್ಗ್‌ನಲ್ಲಿ ಕಾರ್ ಬಾಡಿಗೆಗೆ ಹಿಡಿದು ನಾವೇ ಓಡಿಸ್ಕೊಂಡು. ಬಂದಾಗಿನಿಂದ ಮೈಸೂರಲ್ಲಿ ಸಿಕ್ಕೋರೆಲ್ಲಾ ಕೇಳೋದು ಒಂದೇ, ಗೈಡ್ ಇಲ್ದೆ ಏನಾದ್ರೂ ಕಾಣ್ಸುತ್ತಾ, ಭಯ ಆಗಲ್ವಾ, ಅಷ್ಟು ಖರ್ಚು ಮಾಡಿ ಹೋಗ್ಬೋದಾ ಅಂತ. ಹೋಗ್ಬೋದು, ಖಂಡಿತ ಹೋಗಿ. ಆದ್ರೆ ಯಾವುದಕ್ಕೆ ಹೋಗ್ಬೇಕು ಅನ್ನೋದ್ರ ಬಗ್ಗೆ ನನ್ನ ಅಭಿಪ್ರಾಯ ಅಲ್ಲಿ ಹೋದ್ಮೇಲೆ ಪೂರ್ತಿ ಬದಲಾಯ್ತು.

ಮೊದ್ಲು ಕೆಟ್ಟ ಅನುಭವ ಹೇಳ್ಬಿಡ್ತೀನಿ. ಏರ್‌ಪೋರ್ಟ್‌ನಲ್ಲಿ ಕಾರ್ ಬಾಡಿಗೆ ಕಂಪನಿಯವ್ರು (ಹೆಸ್ರು ಬೇಡ) ಬುಕಿಂಗ್‌ನಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಡೆಪಾಸಿಟ್ ಕ್ರೆಡಿಟ್ ಕಾರ್ಡ್‌ನಲ್ಲಿ ಬ್ಲಾಕ್ ಮಾಡ್ಬೇಕು ಅಂದ್ರು, ಟಯರ್ ಮತ್ತೆ ಗ್ಲಾಸಿನ ಇನ್ಶೂರೆನ್ಸ್ ಬೇರೆ ಅಂದ್ರು, ಬ್ಯಾಂಕ್‌ಗೆ ಫೋನ್ ಮಾಡಿ ಲಿಮಿಟ್ ಏರಿಸಿ ಎಲ್ಲಾ ಮುಗಿಸೋಷ್ಟ್ರಲ್ಲಿ ಎರಡು ಗಂಟೆ ಹೋಯ್ತು. ಊರಲ್ಲಾದ್ರೆ ಎರಡು ಗಂಟೆ ಏನ್ ದೊಡ್ಡದು ಅನ್ಸುತ್ತೆ, ಇಲ್ಲಿ ಹಾಗಲ್ಲ, ಚಳಿಗಾಲದಲ್ಲಿ ಪಾರ್ಕಿನ ಗೇಟು ಸಂಜೆ ಐದೂವರೆಗೆಲ್ಲಾ ಮುಚ್ಚುತ್ತೆ, ಒಳಗೆ ಟಾರ್ ರೋಡಲ್ಲಿ 50, ಮಣ್ಣಿನ ರೋಡಲ್ಲಿ 40 ಕಿಮೀ ಮೇಲೆ ಓಡ್ಸೋ ಹಾಗಿಲ್ಲ, ಒಳಗೆ ರಾತ್ರಿ ಉಳ್ಕೊಳ್ಳೋ ಕ್ಯಾಂಪ್ ತಲುಪೋಕೆ ಟೈಮ್ ಉಳಿದಿಲ್ಲ ಅಂದ್ರೆ ಒಳಗೆ ಬಿಡಲ್ಲ. ನಾವು ಮಲೇಲಾನೆ ಗೇಟ್ ಮುಟ್ಟಿದಾಗ ಐದು ದಾಟಿತ್ತು. ಪಾರ್ಕ್ ಒಳಗಿನ ಸ್ಕುಕುಝಾ ಕ್ಯಾಂಪಲ್ಲಿ ಮೊದಲ ರಾತ್ರಿಗೆ ಕೊಟ್ಟಿದ್ದ ದುಡ್ಡು ಹೋಯ್ತು, ಗೇಟಿನ ಹೊರಗೆ ಇನ್ನೊಂದು ರೂಮಿಗೆ ದುಡ್ಡು ಕೊಟ್ಟು ಮಲಗಿದ್ವಿ. ಆದ್ರಿಂದ ಫ್ಲೈಟ್ ಇಳಿದ ದಿನವೇ ಪಾರ್ಕ್ ಒಳಗೆ ರೂಮ್ ಬುಕ್ ಮಾಡ್ಬೇಡಿ ದಯವಿಟ್ಟು.

ಡ್ರೈವಿಂಗ್ ನಮ್ಮೋರಿಗೆ ಕಷ್ಟ ಇಲ್ಲ, ಅಲ್ಲೂ ಎಡಗಡೆನೇ ಓಡ್ಸೋದು. ಪಾರ್ಕ್ ಎಷ್ಟು ದೊಡ್ಡದು ಅಂದ್ರೆ 19,485 ಚದರ ಕಿಮೀ, ನಮ್ಮ ನಾಗರಹೊಳೆಯಂಥವು ಮೂವತ್ತು ಹಿಡಿಸುತ್ತೆ. ಕಾರಿಂದ ಮಾತ್ರ ಇಳಿಯೋ ಹಾಗಿಲ್ಲ, ಇಳಿಯಬಹುದು ಅಂತ ಬೋರ್ಡ್ ಹಾಕಿರೋ ಜಾಗ ಬಿಟ್ಟು. ಕಬಿನಿ ಸಫಾರಿಯಲ್ಲಿ ಜೀಪಿನವರು ಕರ್ಕೊಂಡು ಹೋದ ಕಡೆ ಹೋಗಿ ಟೈಮ್ ಆಯ್ತು ಅಂದಾಗ ವಾಪಸ್ ಬಂದು ಅಭ್ಯಾಸ ಆಗಿರೋ ನಮಗೆ, ಒಂದು ಜಾಗದಲ್ಲಿ ಇಂಜಿನ್ ಆಫ್ ಮಾಡಿ ಮುಕ್ಕಾಲು ಗಂಟೆ ಸುಮ್ನೆ ಕೂತ್ಕೋಬಹುದು ಅನ್ನೋದೇ ದೊಡ್ಡ ಸುಖ. ಯಾರೂ ಹೊರಡಿ ಅನ್ನಲ್ಲ.

ಸ್ಕುಕುಝಾದಿಂದ ಲೋಅರ್ ಸಾಬಿ ಕ್ಯಾಂಪಿಗೆ ಸಾಬಿ ಹೊಳೆ ದಂಡೇಲೇ ಒಂದು ಟಾರ್ ರೋಡ್ ಹೋಗುತ್ತೆ, ತುಂಬಾ ಹೆಸರುವಾಸಿ, ಪ್ರಾಣಿಗಳೂ ಜಾಸ್ತಿ, ಕಾರುಗಳೂ ಜಾಸ್ತಿ. ಅಲ್ಲೇ ನಮಗೆ ಮೊದಲ ಸಿಂಹ ಕಂಡಿದ್ದು, ಕಂಡಿದ್ದು ಅಂದ್ರೆ ಇಪ್ಪತ್ತು ಕಾರುಗಳ ಸಂದಿಯಲ್ಲಿ ಒಣಹುಲ್ಲಿನ ಮೇಲೆ ಒಂದು ಕಿವಿ. ಒಬ್ರು ಇನ್ನೊಬ್ರಿಗೆ ಅಡ್ಡ ನಿಲ್ಸಿ, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ನೋಡ್ತಿದ್ರು, ನಾವು ಬೇಜಾರಾಗಿ ಹತ್ತು ನಿಮಿಷಕ್ಕೇ ಹೊರಟ್ವಿ. ಬಿಗ್ ಫೈವ್ (ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ) ಲಿಸ್ಟ್ ಹಿಡ್ಕೊಂಡು ಟಿಕ್ ಹಾಕೋಕೆ ಓಡಾಡಿದ್ರೆ ಐದು ದಿನವೂ ಇದೇ ಗತಿ.

ಅಲ್ಲಿಂದ ಮುಂದೆ ಹೋದ್ರೆ ಒಂದು ಮುಳ್ಳಿನ ಮರದ ತುದಿಯಲ್ಲಿ ನೀಲಕಂಠ! ನಮ್ಮ ರಾಜ್ಯ ಪಕ್ಷಿಯ ಆಫ್ರಿಕಾದ ದಾಯಾದಿ, ಎದೆ ಮಾತ್ರ ತಿಳಿ ನೇರಳೆ, ಹಾರಿದಾಗ ರೆಕ್ಕೆಯಲ್ಲಿ ಅದೇ ಹೊಳೆಯೋ ನೀಲಿ. ನನ್ನ ಹೆಂಡ್ತಿ ಕೂಗೇಬಿಟ್ಲು. ಅದಕ್ಕೆ ಒಂದು ಕಾರೂ ನಿಂತಿರ್ಲಿಲ್ಲ.

ಸತಾರಾ ಕ್ಯಾಂಪ್ ಹತ್ರ ಎಸ್ 100 ಅನ್ನೋ ಮಣ್ಣಿನ ರೋಡಲ್ಲಿ ಆನೆ ಹಿಂಡು ಎದುರಾಯ್ತು. ದೂರದಲ್ಲೇ ನಿಲ್ಸಿದ್ವಿ. ದೊಡ್ಡ ಹೆಣ್ಣಾನೆ ರಸ್ತೆ ಮಧ್ಯ ಅಡ್ಡ ನಿಂತು ಕಿವಿ ಅಗಲಿಸಿ ನಮ್ಮ ಕಡೆನೇ ನೋಡ್ತು, ಅದರ ಹಿಂದೆ ಮರಿಗಳು ಒಂದೊಂದಾಗಿ ದಾಟಿದ್ವು, ಎಲ್ಲಾ ದಾಟಿದ ಮೇಲೇ ಅದು ಕದಲಿದ್ದು. ಮಗ ಮೆಲ್ಲಗೆ "ಅಪ್ಪಾ, ಹೆಣ್ಣಾನೆಗೂ ದಂತ ಇದೆ ನೋಡು" ಅಂದ. ಹುಟ್ಟಿದಾಗಿನಿಂದ ದಂತ ಇದ್ರೆ ಗಂಡು ಅಂತ ದಸರಾದಲ್ಲಿ ನೋಡಿ ಬೆಳೆದ ಹುಡುಗ ಅವನು, ಇಲ್ಲಿ ಹೆಣ್ಣಿಗೂ ದಂತ, ಬೆನ್ನು ನಮ್ಮ ಆನೆ ಹಾಗೆ ಉಬ್ಬಿಲ್ಲ, ಮಧ್ಯದಲ್ಲಿ ತಗ್ಗು. ಹತ್ತಿರ ಹೋಗೋ ಆಸೆ ಬೇಡ, ಆನೆ ಮುಂದೆ ಬಂದ್ರೆ ರಿವರ್ಸ್ ತಗೊಳ್ಳೋಕೆ ಹಿಂದೆ ಜಾಗ ಬಿಟ್ಕೊಂಡಿರಿ.

ಇನ್ನು ಬೆಳಗಿನ ನಡಿಗೆ, ನಾನು ಇಷ್ಟೆಲ್ಲಾ ಟೈಪ್ ಮಾಡ್ತಿರೋದೇ ಇದಕ್ಕೋಸ್ಕರ. ಪಾರ್ಕಿನವ್ರೇ ಕ್ಯಾಂಪಿಂದ ಮಾಡ್ಸೋದು, ಗುಂಪಿಗೆ ಎಂಟೇ ಜನ, ಬಂದೂಕು ಹಿಡಿದ ಇಬ್ರು ಗೈಡು, 12 ವರ್ಷದ ಒಳಗಿನ ಮಕ್ಕಳನ್ನ ಸೇರಿಸಲ್ಲ. ಇನ್ನೂ ಕತ್ತಲಿದ್ದಾಗಲೇ ತೆರೆದ ಗಾಡೀಲಿ ಕೂರಿಸ್ಕೊಂಡು ಹೋಗ್ತಾರೆ, ಜುಲೈ ಚಳಿ ಮೂಳೆಗೆ ಇಳಿಯುತ್ತೆ, ಆಫ್ರಿಕಾ ಅಂದ್ರೆ ಸೆಕೆ ಅಂತ ಸ್ವೆಟರ್ ಬಿಟ್ಟು ಹೋಗ್ಬೇಡಿ. ಒಬ್ಬರ ಹಿಂದೊಬ್ಬರು, ಮಾತಿಲ್ಲ, ಏನೇ ಬಂದ್ರೂ ಓಡೋ ಹಾಗಿಲ್ಲ. ಮುಂದಿದ್ದ ಗೈಡು ಐವತ್ತರ ಆಸುಪಾಸಿನವರು, ಆಗಾಗ ಒಂದು ಚಿಟಿಕೆ ಮಣ್ಣು ತಗೊಂಡು ಬಿಟ್ಟು ಗಾಳಿ ಯಾವ ಕಡೆ ಅಂತ ನೋಡ್ತಿದ್ರು. ಒಂದು ಕಡೆ ಲದ್ದಿ ಗುಡ್ಡೆ ಹತ್ರ ಕೂತು ಅದನ್ನ ಮುರಿದು ಮಗನ ಅಂಗೈಗೆ ಹಾಕಿದ್ರು. ಒಳಗೆ ಸಣ್ಣ ಸಣ್ಣ ಕಡ್ಡಿಗಳು, ಒಂದೊಂದರ ತುದಿಯೂ ಕುಡುಗೋಲಲ್ಲಿ ಕೊಯ್ದ ಹಾಗೆ ಓರೆಯಾಗಿ ಕತ್ತರಿಸಿದೆ. ಇದು ಕಪ್ಪು ಘೇಂಡಾಮೃಗದ್ದು, ಕಡ್ಡಿ ಎಲೆ ತಿನ್ನೋದು, ಬಿಳಿ ಘೇಂಡಾಮೃಗ ಮೇಯೋದು ಹುಲ್ಲು, ಅದರ ಲದ್ದಿ ಬರೀ ಹುಲ್ಲಿಂದೇ ಅಂದ್ರು. ಪ್ರಾಣಿ ಕಾಣ್ಲೇ ಇಲ್ಲ, ಆದ್ರೂ ಅದು ರಾತ್ರಿ ಇಲ್ಲಿ ನಿಂತು ಹೋಗಿದೆ ಅನ್ನೋದು ಕೈಯಲ್ಲೇ ಇತ್ತು.

ಸ್ವಲ್ಪ ಮುಂದೆ ಚುರ್ರ್ ಅಂತ ಒಂದು ಹಕ್ಕಿ ಸದ್ದು, ಗೈಡ್ ಕೈ ಎತ್ತಿ ನಿಂತ್ಬಿಟ್ರು. ಆಕ್ಸ್‌ಪೆಕರ್ ಅಂತೆ, ಕಾಡೆಮ್ಮೆ ಮೈಮೇಲೆ ಕೂತು ಉಣ್ಣೆ ಹುಳ ತಿನ್ನೋ ಹಕ್ಕಿ. ಹಕ್ಕಿ ಇದೆ ಅಂದ್ರೆ ಎಮ್ಮೆನೂ ಇದೆ. ನಲವತ್ತು ಹೆಜ್ಜೆ ದೂರದ ಪೊದೆಯಲ್ಲಿ ಎರಡು ಮುದಿ ಕೋಣ ತಲೆ ಎತ್ತಿ ನೋಡ್ತಿದ್ವು. ಮಗನ ಕೈ ನನ್ನ ಕೈಗೆ ಬಂತು. ಗೈಡ್ ಒಂದು ಮಾತೂ ಆಡ್ದೆ ನಮ್ಮನ್ನ ಹಿಂದಕ್ಕೆ ಹಿಂದಕ್ಕೆ ನಡೆಸಿ ಸುತ್ತು ಹಾಕ್ಸಿದ್ರು, ಅವುಗಳ ಜಾಗ ಅವಕ್ಕೇ ಬಿಟ್ಟು. ಕಾರಲ್ಲಿ ಕೂತು ನೂರು ಕಾಡೆಮ್ಮೆ ನೋಡಿದ್ವಿ, ಆ ಎರಡರಷ್ಟು ಯಾವುದೂ ಮನಸ್ಸಲ್ಲಿ ನಿಂತಿಲ್ಲ.

ಕ್ಯಾಂಪ್‌ಗಳಲ್ಲಿ ಎಲ್ಲಿ ಏನು ಕಾಣಿಸ್ತು ಅಂತ ಬಣ್ಣದ ಗುಂಡಿ ಅಂಟಿಸೋ ಮ್ಯಾಪ್ ಬೋರ್ಡ್ ಇರುತ್ತೆ, ಘೇಂಡಾಮೃಗ ಮಾತ್ರ ಅದ್ರಲ್ಲಿ ಹಾಕಲ್ಲ, ಕೊಂಬಿಗಾಗಿ ಕೊಲ್ಲೋರಿಗೆ ಜಾಗ ಗೊತ್ತಾಗ್ಬಾರ್ದು ಅಂತ. ನಾಲ್ಕನೇ ದಿನ ಒಂದು ಕಂಡ್ತು, ಕೊಂಬು ಬುಡದ ಹತ್ರಕ್ಕೆ ಕೊಯ್ದಿದ್ರು. ಪ್ರಜ್ಞೆ ತಪ್ಪಿಸಿ ಪಾರ್ಕಿನವ್ರೇ ಕೊಯ್ಯೋದು, ಉಗುರಿನ ಥರ ಮತ್ತೆ ಬೆಳೆಯುತ್ತೆ, ಪ್ರಾಣ ಉಳಿಸೋಕೆ ಇದು ಬೇಕು ಅಂತ ಗೊತ್ತಿದ್ರೂ ನೋಡಿ ಹೊಟ್ಟೆ ಕಿವುಚಿದ ಹಾಗಾಯ್ತು.

ಇನ್ನೊಂದು ವಿಷಯ, ಈ ಕಾಡೂ ಖಾಲಿ ಜಾಗ ಆಗಿರ್ಲಿಲ್ಲ. 1898ರಲ್ಲಿ ಸಾಬಿ ಮೀಸಲು ಕಾಡು ಅಂತ ಶುರುವಾಗಿ 1926ರಲ್ಲಿ ನ್ಯಾಷನಲ್ ಪಾರ್ಕ್ ಆಯ್ತು, ಉತ್ತರದ ತುದಿಯಲ್ಲಿದ್ದ ಮಕುಲೆಕೆ ಜನರನ್ನ 1969ರಲ್ಲಿ ಎಬ್ಬಿಸಿದ್ರು, 1998ರಲ್ಲಿ ಆ ಭೂಮಿ ಅವರಿಗೆ ವಾಪಸ್ ಸಿಕ್ತು, ಕಾಡನ್ನ ಕಾಡಾಗೇ ಉಳಿಸಿ ಈಗ ಅಲ್ಲಿ ಟೂರಿಸಂ ಆದಾಯ ಅವರಿಗೆ ಬರುತ್ತೆ. ನಮ್ಮ ಜೇನುಕುರುಬರ ನೆನಪಾಗದೆ ಇರ್ಲಿಲ್ಲ.

ಊಟದ ಚಿಂತೆ ಬೇಡ, ಬುಕ್ ಮಾಡುವಾಗ ಅಡುಗೆ ವ್ಯವಸ್ಥೆ ಇರೋ ಕಾಟೇಜ್ ನೋಡ್ಕೊಳ್ಳಿ, ಅಕ್ಕಿ ತರಕಾರಿ ಗೇಟಿನ ಹೊರಗಿನ ಊರಲ್ಲೇ ತಗೊಂಡ್ವಿ, ಪುಳಿಯೋಗರೆ ಗೊಜ್ಜು ಮನೆಯಿಂದ. ವರಾಂಡದಲ್ಲಿ ತಿನ್ನೋ ಸಾಮಾನು ಇಟ್ಟು ಒಳಗೆ ಹೋದ್ರೆ ಕೋತಿ ಪಾಲು. ಮಲೇರಿಯಾ ಇರೋ ಪ್ರದೇಶ, ಮಾತ್ರೆ ಬಗ್ಗೆ ಹೊರಡೋ ಮೊದ್ಲೇ ಡಾಕ್ಟರ್ ಹತ್ರ ಕೇಳಿ. ಕಾರು ಸ್ವಲ್ಪ ಎತ್ತರದ್ದು ತಗೊಳ್ಳಿ, ಹುಲ್ಲಿನ ಮೇಲಿಂದ ಕಾಣ್ಸುತ್ತೆ. ನಡಿಗೆಗೆ ಮಾತ್ರ ರೂಮ್ ಬುಕ್ ಮಾಡೋವಾಗಲೇ ಜಾಗ ಹಿಡೀರಿ, ಎಂಟೇ ಸೀಟು, ನಾವು ಎರಡನೇ ದಿನವೂ ಹೋಗೋಣ ಅಂತ ಕೇಳಿದಾಗ ಎಲ್ಲಾ ತುಂಬಿತ್ತು.